ಸಂಚಾರಿ ದವಾಖಾನೆಯ ಹಿಂದೆ ಬಡಿದ ಕೈ

ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಆದರೆ ಅಂದು ಸ್ಟೇರಿಂಗ್ ಹಿಡಿದವನು ನಾನೇ. ಕುಡಿದಿರಲಿಲ್ಲ, ತೂಕಡಿಸಿರಲೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ಸೇಡಂ ಸುತ್ತಲಿನ ಹಳ್ಳಿಗಳಿಗೆ ತಿರುಗುವ ಸಂಚಾರಿ ದವಾಖಾನೆಗೆ ನಾನು ಡ್ರೈವರ್. ಬಸ್ಸಿನಷ್ಟು ಉದ್ದದ ಗಾಡಿ. ಒಳಗೆ ಔಷಧದ ಕಪಾಟು, ನೀರಿನ ಟಾಕಿ, ಸ್ಟೋವ್, ಮಲಗಲು ಹಲಗೆಗಳು. ತಿಂಗಳಲ್ಲಿ ಇಪ್ಪತ್ತು ದಿನ ನಮ್ಮ ಊಟ, ನಿದ್ದೆ ಎಲ್ಲ ಅದರಲ್ಲೇ. ಇಂಥ ಗಾಡಿ ಹೊಡೆಯುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲವೆಂಬ ಸೊಕ್ಕು ನನಗಿತ್ತು.

ರಿವರ್ಸ್ ತೆಗೆಯುವಾಗ ಮಾತ್ರ ಹಿಂದಿನದು ಏನೂ ಕಾಣುತ್ತಿರಲಿಲ್ಲ. ನಮ್ಮ ಕಂಪೌಂಡರ್ ಶರಣಪ್ಪ ಇಳಿದು, ಹಿಂದೆ ನಿಂತು ತಗಡಿಗೆ ಕೈಯಿಂದ ಬಡಿಯುತ್ತಿದ್ದ. ಬಡಿಯುತ್ತಲೇ ಇದ್ದರೆ 'ಬಾ'. ಒಂದೇ ಒಂದು ಜೋರು ಏಟು ಬಿದ್ದರೆ 'ನಿಲ್ಲು'. ವರ್ಷಗಟ್ಟಲೆ ಹೀಗೆ ಕಿವಿಯನ್ನೇ ನಂಬಿ ಗಾಡಿ ಹೊಡೆದಿದ್ದೆ.

ಆ ಮಳೆಗಾಲದ ರಾತ್ರಿ ಆಡಕಿ ಹತ್ತಿರದ ಹಳ್ಳಿಯೊಂದರಲ್ಲಿ ತಂಗಿದ್ದೆವು. ನಾಗಮ್ಮ ಎಂಬ ಚೊಚ್ಚಲ ಬಸುರಿಯನ್ನು ಹೊತ್ತು ತಂದರು. ನೋವು ತಿನ್ನಲಾರದೆ ಒದ್ದಾಡುತ್ತಿದ್ದಳು. ನರ್ಸ್ ಸುಶೀಲಾಬಾಯಿ ಪರೀಕ್ಷಿಸಿ ನನ್ನತ್ತ ಬಂದರು.

"ಕೂಸು ಅಡ್ಡ ಆಗ್ಯಾದರಿ. ಸೇಡಂ ದವಾಖಾನಿಗಿ ಮುಟ್ಟಿಸದಿದ್ರ ಇಬ್ರೂ ಉಳ್ಯಾಂಗಿಲ್ಲ. ಜಲ್ದಿ ತಗೀರಿ ಗಾಡಿ!"

ನಾಗಮ್ಮನ ತಾಯಿಯೂ ಹತ್ತಿದಳು. ನನ್ನ ಕ್ಯಾಬಿನ್ನಿಗೂ ಒಳಕೋಣೆಗೂ ನಡುವೆ ಒಂದು ಸಣ್ಣ ಕಿಟಕಿ. ಹೆಣ್ಣುಮಗಳ ಹೆರಿಗೆಯ ಹೊತ್ತು... ಅದರ ಪರದೆ ಎಳೆದುಕೊಂಡರು.

ಎರಡು ಮೈಲು ಹೋಗುವುದರೊಳಗೆ ಹಳ್ಳ ತುಂಬಿ ರಸ್ತೆ ಮುಳುಗಿತ್ತು. ಹಿಂದೆ ಸರಿದು, ಫರಸಿ ಕಲ್ಲು ತೆಗೆದು ಬಿಟ್ಟ, ನೀರು ತುಂಬಿದ ಹಳೆಯ ಖಣಿಯ ಬಳಿ ಗಾಡಿ ತಿರುಗಿಸಿ, ಬೇರೆ ದಾರಿ ಹಿಡಿಯಬೇಕಿತ್ತು.

"ಶರಣಪ್ಪಣ್ಣಾ, ಇಳದು ಹಿಂದ ನಿಂದ್ರು!" ಎಂದು ಕೂಗಿದೆ.

ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ... ಢಬ್... ಢಬ್... ಢಬ್...

ಕನ್ನಡಿಯಲ್ಲಿ ಶರಣಪ್ಪನ ಕೈಬ್ಯಾಟರಿಯ ಬೆಳಕು ಕಾಣಲಿಲ್ಲ. ಮಳೆಗೆ ಕೆಟ್ಟಿರಬೇಕೆಂದುಕೊಂಡೆ. ಇಳಿದು ನೋಡಬೇಕಿತ್ತು. ನಾಗಮ್ಮನ ಚೀರಾಟ ಕೇಳಿ ಅಷ್ಟು ತಾಳ್ಮೆ ಉಳಿಯಲಿಲ್ಲ. ಹಿಂದೆ ಸರಿಯುತ್ತ ಹೋದೆ. ನಿಂತ ನೀರಿನ ಪಾಚಿವಾಸನೆ ಮೂಗಿಗೆ ಬಡಿಯತೊಡಗಿತು... ಢಬ್... ಢಬ್...

ಆಗ ಪರದೆಯಾಚೆ, ನನ್ನ ಕಿವಿಯ ಹಿಂದೆಯೇ, ಶರಣಪ್ಪನ ದನಿ ಕೇಳಿಸಿತು.

"ಬಾಯಿ, ಲಾಟೀನ ಇನ್ನಾ ಮ್ಯಾಲ ಹಿಡೀಲೇನು?"

ಬ್ರೇಕ್ ತುಳಿದೆ. ಹಿಂದಿನ ಬಡಿತ ಮಾತ್ರ ನಿಲ್ಲಲಿಲ್ಲ... ಢಬ್... ಢಬ್... ಆಮೇಲೆ ನಿಂತಿತು.

ಬ್ಯಾಟರಿ ಹಿಡಿದು ಇಳಿದೆ. ಹಿಂದಿನ ಗಾಲಿಯಿಂದಾಚೆ ಒಂದು ಗೇಣು ನೆಲವಿತ್ತು, ಅಷ್ಟೇ. ಗಾಡಿಯ ಹಿಂಭಾಗವೆಲ್ಲ ಖಣಿಯ ಮೇಲೆ ಚಾಚಿಕೊಂಡಿತ್ತು. ಕೆಳಗೆ ಆಳದಲ್ಲಿ ಕಪ್ಪು ನೀರು. ಅಲ್ಲಿ ನಿಂತು ಬಡಿಯುವುದಕ್ಕೆ ನೆಲವೇ ಇರಲಿಲ್ಲ.

"ಯಾರದು?" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಓಡಿ ಬಂದು ಕುಳಿತು ಫಸ್ಟ್ ಗೇರ್ ಹಾಕಿದೆ. ಗಾಲಿ ಕೆಸರಲ್ಲಿ ಜಾರಿ, ಜಾರಿ, ಕೊನೆಗೆ ಹಿಡಿತ ಸಿಕ್ಕಿತು. ಗಾಡಿ ಮುಂದಕ್ಕೆ ಹೊರಟಿತು. ಅಷ್ಟರಲ್ಲಿ ಹಿಂದಿನ ತಗಡಿಗೆ ಒಂದೇ ಒಂದು ಏಟು ಬಿತ್ತು. ಭಾರೀ ಜೋರಾಗಿ.

ನಿಲ್ಲು.

ಕಾಲು ತನ್ನಷ್ಟಕ್ಕೇ ಬ್ರೇಕಿನತ್ತ ಹೋಯಿತು. ಪರದೆಯಾಚೆಯಿಂದ ಸುಶೀಲಾಬಾಯಿ ಪಿಸುಗುಟ್ಟಿದರು.

"ನಿಂದ್ರಬ್ಯಾಡ್ರಿ... ನಿಮ್ಮ ಕಾಲ ಬೀಳ್ತೀನಿ, ನಿಂದ್ರಬ್ಯಾಡ್ರಿ..."

ನಾನು ನಿಲ್ಲಲಿಲ್ಲ.

ಸೇಡಂ ಮುಟ್ಟಿದೆವು. ಬೆಳಕು ಹರಿಯುವ ಮೊದಲೇ ನಾಗಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ಇಬ್ಬರೂ ಉಳಿದರು. ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಶರಣಪ್ಪ ಮೆಲ್ಲಗೆ ಹೇಳಿದ.

"ಬಾಗ್ಲಾ ತಗದಿದ್ದೆ. ಬಾಯಿ ಲಾಟೀನ ಹಿಡಿ ಅಂದ್ರು, ಹಂಗೇ ಮುಚ್ಚಿ ಒಳಗ ಕುಂತೆ. ಬಡಿಯೋದು ಕೇಳಿ, ಯಾರೋ ಊರಾಂವ ನಿಂತಾನ ಅನ್ಕೊಂಡೆ."

ಮಳೆ ನಿಂತ ಮೇಲೆ ಇಬ್ಬರೂ ಖಣಿಗೆ ಹೋಗಿ ನೋಡಿದೆವು. ಏನೂ ಸಿಗಲಿಲ್ಲ. ಸುತ್ತಲ ಊರುಗಳಲ್ಲಿ ಯಾರೂ ಕಾಣೆಯಾಗಿರಲಿಲ್ಲ. ದೆವ್ವವೇ ಎಂದು ತೀರ್ಮಾನಿಸಿ ಶರಣಪ್ಪ ಹಗುರಾದ. ನನ್ನಿಂದ ಹಾಗಾಗಲಿಲ್ಲ. ನಮ್ಮನ್ನು ಕೆಡವಲೆಂದೇ ಬಡಿದಿದ್ದರೆ, ಕೊನೆಯಲ್ಲಿ ನಿಲ್ಲು ಎಂದದ್ದೇಕೆ? ಆ ನೀರಿನಿಂದ ಹೇಗೋ ಮೇಲೆ ಹತ್ತಿ, ಗಾಡಿಗೆ ಜೋತುಬಿದ್ದು, ಯಾರಾದರೂ ನಮ್ಮನ್ನು ಕರೆಯುತ್ತಿದ್ದರೆ...?

ತೊಟ್ಟಿಲ ಶಾಸ್ತ್ರಕ್ಕೆ ನಾಗಮ್ಮನ ಮನೆಯವರು ನನ್ನನ್ನು ಎರಡು ಸಲ ಕರೆದರು. ಕೂಸನ್ನು ನೋಡುವ ಆಸೆ ಭಾಳ ಇತ್ತು. ಆದರೆ ಆ ಊರಿಗೆ ಖಣಿಯ ಪಕ್ಕದಲ್ಲೇ ಹೋಗಬೇಕು. ನಾನು ಹೋಗಲಿಲ್ಲ.