ಗಡಿಯಾರಕ್ಕೆ ಕುಸುಬಿ ಎಣ್ಣೆ

ಬೆಳಿಗ್ಗೆ ವಾಚಿಗೆ ಚಾವಿ ಕೊಡುವಾಗ ಬೆರಳ ತುದಿಯಲ್ಲಿ ಹುಟ್ಟುವ ಆ ಕಿರ್ ಕಿರ್ ಸದ್ದು ಇದೆಯಲ್ಲ, ಅದನ್ನು ಕೇಳದೆ ನನ್ನ ದಿನ ಶುರುವಾಗುವುದಿಲ್ಲ. ಈಗ ನನ್ನ ಬಳಿ ಇಪ್ಪತ್ತಾರು ಕೈಗಡಿಯಾರಗಳಿವೆ, ಎಲ್ಲವೂ ಚಾವಿಯವೇ. ಸೆಲ್ಲಿನ ವಾಚನ್ನು ಯಾರಾದರೂ ಉಡುಗೊರೆ ಕೊಟ್ಟರೆ ನಗುತ್ತ ತೆಗೆದುಕೊಂಡು ಇನ್ನೊಬ್ಬರಿಗೆ ದಾಟಿಸಿಬಿಡುತ್ತೇನೆ. ಸೊಕ್ಕು ಅನ್ನಿ ಬೇಕಾದರೆ. ಈ ಸದ್ದು ಕಿವಿಗೆ ಬಿದ್ದರೆ ಸಾಕು, ನವಲಗುಂದ ತಾಲೂಕಿನ ತಿರ್ಲಾಪುರದ ನಮ್ಮ ಮನೆ, ಅದರ ಪಡಸಾಲೆ, ಮೂಲೆಯಲ್ಲಿ ಎದೆಮಟ್ಟ ಸುರಿದ ಹತ್ತಿ, ಬಿಸಿಲುಕೋಲಿನಲ್ಲಿ ಹಾರಾಡುವ ಅದರ ಎಳೆಗಳು, ಕಂಬಕ್ಕೆ ಒರಗಿ ಕೂತ ನನ್ನ ಕಾಕಾ, ಎಲ್ಲ ಬಂದು ಎದುರು ನಿಲ್ಲುತ್ತವೆ. ಆ ಮನೆ ಈಗ ಇಲ್ಲ. ಪಾಲಾಗಿ, ಕೆಡವಿ, ಅಲ್ಲಿ ಮೂರು ಸಿಮೆಂಟಿನ ಮನೆಗಳೆದ್ದಿವೆ.

ಕಾಕಾ ಅಂದರೆ ನನ್ನಪ್ಪನ ತಮ್ಮ ಚನಬಸಪ್ಪ. ಎಪ್ಪತ್ತರ ದಶಕದಲ್ಲಿ ನಮ್ಮೂರಲ್ಲಿ ಕೈಗೆ ವಾಚು ಕಟ್ಟುವವರೇ ಬೆರಳೆಣಿಕೆಯ ಮಂದಿ. ಕಾಕಾನ ಹತ್ತಿರ ಒಂಬತ್ತಿದ್ದವು. ಕೆಟ್ಟಿತೆಂದು ಯಾರೋ ಮೂಲೆಗೆಸೆದದ್ದು, ಇನ್ಯಾರದೋ ಮದುವೆಯಲ್ಲಿ ಬಂದು ವರ್ಷ ತುಂಬುವುದರೊಳಗೆ ನಿಂತದ್ದು, ಹೀಗೆ ಒಂದೊಂದನ್ನೇ ಕೇಳಿ ತಂದು, ಅಣ್ಣಿಗೇರಿಯಲ್ಲಿ ರಿಪೇರಿ ಮಾಡಿಸಿ, ಬಿಸ್ಕೀಟಿನ ಡಬ್ಬಿಯಲ್ಲಿ ಕೆಂಪು ಬಟ್ಟೆ ಹಾಸಿ ಮಲಗಿಸಿದ್ದ. ದಿನಾ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಒಂಬತ್ತಕ್ಕೂ ಚಾವಿ ಕೊಡುತ್ತಿದ್ದ. ಆಗ ಯಾರೂ ಮಾತಾಡುವ ಹಾಗಿಲ್ಲ. ಅವನ ಹೆಂಡತಿ, ನಮ್ಮ ಚಿಗವ್ವ, ಈ ಕಟ್ಟಳೆಗೆ ಸೊಪ್ಪು ಹಾಕಿದವಳಲ್ಲ. ಒಳಗೆ ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದಳು, "ಒಂದ ಹೊತ್ತು ನೋಡಾಕ ಒಂಬತ್ತು ಗಡಿಯಾರ ಬೇಕೇನ್ರಿ?"

"ಹೊತ್ತು ನೋಡಾಕಲ್ಲಲೇ ಹುಚ್ಚಿ, ಅದು ನಡಿಯೂದು ನೋಡಾಕ!"

ಆ ನಡೆಯುವುದನ್ನು ನನಗೂ ತೋರಿಸಿದ. ಮನೆಯಲ್ಲಿ ಹತ್ತಿ ಇರುವಷ್ಟು ದಿನ ವಾಚು ಬಿಚ್ಚುವಂತಿಲ್ಲ, ಒಂದು ಎಳೆ ಒಳಗೆ ಹೋದರೂ ಕೆಟ್ಟಂತೆಯೇ. ಹತ್ತಿ ಹೋಗಿ ಪಡಸಾಲೆ ಗುಡಿಸಿದ ಮೇಲೆ ಬಾಗಿಲ ಬೆಳಕಿಗೆ ಕೂತು, ಚಾಕುವಿನ ತುದಿಯಿಂದ ಹಿಂದಿನ ಮುಚ್ಚಳ ಎಬ್ಬಿಸಿ, "ಉಸಿರು ಹಿಡಿಲೇ" ಅನ್ನುತ್ತಿದ್ದ. ಒಳಗೆ ಕೂದಲಿಗಿಂತ ತೆಳುವಾದ ಸುರುಳಿಯೊಂದು ಬಿಚ್ಚಿಕೊಂಡು ಮುದುಡಿಕೊಂಡು, ಅದರ ಜೊತೆ ಸಣ್ಣ ಗಾಲಿಯೊಂದು ಅತ್ತಿತ್ತ ತೂಗುತ್ತಿತ್ತು. ಅದು ತೂಗಿದಂತೆಲ್ಲ ಬಾಜೂಕಿನ ಹಲ್ಲುಗಾಲಿ ಒಂದು ಹಲ್ಲು ಮುಂದೆ ಸರಿದು ನಿಲ್ಲುವುದು, ಮತ್ತೊಂದು ಸರಿದು ನಿಲ್ಲುವುದು. ನಡುನಡುವೆ ದಾಳಿಂಬೆ ಕಾಳಿನ ಬಣ್ಣದ ಹರಳುಗಳು. ಮುಂಜಾನೆ ಎರಡು ಬೆರಳು ತಿರುವಿದ ಶಕ್ತಿಯನ್ನು ಅದು ಇಡೀ ದಿನ ಇಷ್ಟಿಷ್ಟೇ ಬಿಟ್ಟು ಬದುಕುತ್ತಿತ್ತು. ನನಗೆ ಹುಚ್ಚು ಹಿಡಿದದ್ದು ಆಗಲೇ.

ಒಂಬತ್ತಕ್ಕೂ ಜೀವ ಕೊಟ್ಟವರು ಅಣ್ಣಿಗೇರಿಯ ದಸ್ತಗೀರಸಾಬರು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಮುದುಕ. ಬಾಯಿ ಬಲು ಜೋರು. ಅವರ ಕೈಯಲ್ಲೊಂದು ಅವರಪ್ಪನ ಕಾಲದ ವಾಚಿತ್ತು, ಸೆಕೆಂಡಿಗೆ ಪುಟ್ಟದೊಂದು ಬೇರೆ ಮುಖವೇ ಇದ್ದದ್ದು. ಅದರ ಮೇಲೆ ಕಾಕಾನಿಗೆ ಎಷ್ಟೋ ವರ್ಷದ ಕಣ್ಣು. ಆ ವರ್ಷ ಸಾಬರು ಅಂಗಡಿ ಮುಚ್ಚಿ ಸೊಲ್ಲಾಪುರದ ಮಗಳ ಮನೆಗೆ ಹೊರಟಿದ್ದರು. "ಇದನ್ನ ಮಾರಂಗಿಲ್ರಿ. ಹೋಗೂ ಮುಂದ ನಿಮ್ಮ ಕೈಯಾಗ ಇಟ್ಟು ಹೊಕ್ಕೀನಿ. ಇದರ ಕಿಮ್ಮತ್ತು ಬಲ್ಲವರು ನೀವೊಬ್ಬರ" ಎಂದಿದ್ದರಂತೆ. ಮನೆಗೆ ಬಂದು ಕಾಕಾ ಈ ಮಾತನ್ನು ಹತ್ತು ಸಲ ಹೇಳಿದ. ಅಷ್ಟು ಹಿಗ್ಗಿದ್ದನ್ನು ನಾನು ಮುಂದೆಂದೂ ನೋಡಲಿಲ್ಲ.

ಅದೇ ಹೊತ್ತಿಗೆ ನನ್ನ ಕಿತಾಪತಿ. ನಾನಾಗ ಹನ್ನೊಂದು ವರ್ಷದ ಹುಡುಗಿ. ಹತ್ತಿ ಮಾರಲು ಹುಬ್ಬಳ್ಳಿಗೆ ಹೋದ ಕಾಕಾ ವಾರ ಕಳೆದರೂ ಬಂದಿರಲಿಲ್ಲ. ಒಂದು ವಾಚು ದಿನಾ ಹಿಂದೆ ಬೀಳುತ್ತಿತ್ತು. ನಮ್ಮ ಆಳು ಚಕ್ಕಡಿಯ ಅಚ್ಚಿಗೆ ಎಣ್ಣೆ ಹಾಕಿದ ಕೂಡಲೇ ಕಿರುಗುಟ್ಟುವ ಗಾಲಿ ಗಪ್ಪಾದದ್ದನ್ನು ಆ ಮುಂಜಾನೆಯೇ ನೋಡಿದ್ದೆ. ಗಾಲಿ ಅಂದಮೇಲೆ ಎಲ್ಲ ಗಾಲಿಯೂ ಒಂದೇ ತಾನೇ? ಮುಚ್ಚಳ ಎಬ್ಬಿಸಿ, ಅಡುಗೆಮನೆಯ ಕುಸುಬಿ ಎಣ್ಣೆಯಲ್ಲಿ ಕಡ್ಡಿ ಅದ್ದಿ, ಹನಿ ಹನಿಯಾಗಿ ಬಿಟ್ಟೆ. ಒಗ್ಗರಣೆಗೆ, ದೀಪಕ್ಕೆ ನಮ್ಮ ಕಡೆ ಅದೇ ಎಣ್ಣೆ, ಗಡಿಯಾರಕ್ಕೇನು ಬೇನೆ? ಎರಡು ದಿನ ಸೊಗಸಾಗಿ ನಡೆಯಿತು. ನಾನು ಎದೆಯುಬ್ಬಿಸಿ ತಿರುಗಾಡಿದೆ. ಕುಸುಬಿ ಎಣ್ಣೆ ಒಣಗಿದರೆ ಗೋಂದಿನಂತೆ ಅಂಟುತ್ತದೆ, ನಮ್ಮ ಮನೆಯ ಹಣತೆ ತಿಕ್ಕಿದ ಯಾವ ಹೆಣ್ಣುಮಗಳಾದರೂ ಹೇಳುತ್ತಿದ್ದಳು. ಕೇಳಿದ್ದರೆ ತಾನೇ! ಕಾಕಾ ಬರುವ ಹೊತ್ತಿಗೆ ವಾಚು ನಿಂತಿತ್ತು. ಅಳುತ್ತ ಎಲ್ಲ ಹೇಳಿದೆ. ಹೊಡೆಯಲಿಲ್ಲ. "ನಡಿ, ಸಾಬರ ಕಡೆ ಹೋಗೂಣು" ಎಂದ.

ಅಂಗಡಿಯಲ್ಲಿ ಸಾಬರು ಮುಚ್ಚಳ ತೆಗೆದರು, ಮೂಗಿಗೆ ಹಿಡಿದರು, ಸಿಡಿದೆದ್ದರು. "ಯಾವ ಕತ್ತೆರೀ ಇದಕ್ಕ ಕುಸುಬಿ ಎಣ್ಣಿ ಹಾಕಿದ್ದು? ಅಂಥಾವರು ಜನ್ಮದಾಗ ಗಡಿಯಾರ ಮುಟ್ಟಬಾರದು!"

"ನಾನರೀ" ಎಂದ ಕಾಕಾ.

ಸಾಬರು ಕಣ್ಣಿನ ಗಾಜು ತೆಗೆದು ಅವನನ್ನೇ ನೋಡಿದರು. "ನೀವು?"

"ಹೌದ್ರಿ. ಬುದ್ಧಿ ಕೆಟ್ಟಿತ್ತು."

ಸಾಬರು ವಾಚನ್ನು ಬಿಚ್ಚಿ, ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆದು, ಜೋಡಿಸಿ, ನಡೆಸಿ ಕೊಟ್ಟರು. ಕೊಡುವಾಗ ಅಂಗಿಯ ತೋಳನ್ನು ತಮ್ಮ ಕೈಗಡಿಯಾರದ ಮೇಲೆ ಎಳೆದುಕೊಂಡರು. ಕಾಕಾ ಅದನ್ನು ನೋಡಿದ. ನಾನೂ ನೋಡಿದೆ.

ಬಸ್ಸಿನಲ್ಲಿ ಅವನ ತೋಳು ಜಗ್ಗಿ, "ಹೊಳ್ಳಿ ಹೋಗಿ ಖರೇ ಹೇಳೂಣು ಕಾಕಾ" ಎಂದೆ.

"ಗಪ್ಪ ಕುಂಡ್ರಲೇ. ಆ ಮಾತು ನಿನಗ ನಾಟಿದ್ರ ನೀ ಮತ್ತ ಗಡಿಯಾರ ಮುಟ್ಟತಿದ್ದಿಲ್ಲ. ನನಗೇನು, ಒಂಬತ್ತು ಅದಾವಲ್ಲ."

ಸಾಬರ ವಾಚು ಸಾಬರ ಕೈಯಲ್ಲೇ ಸೊಲ್ಲಾಪುರಕ್ಕೆ ಹೋಯಿತು. ಕಾಕಾ ಮತ್ತೆಂದೂ ಅದರ ಸುದ್ದಿ ಎತ್ತಲಿಲ್ಲ, ಸಾಯುವತನಕ. ಒಂಬತ್ತೂ ನನಗೆ ಬಂದವು. ನಾನು ಗಡಿಯಾರ ಮುಟ್ಟಿದೆ, ಬಿಚ್ಚಲು ಕಲಿತೆ, ಜೋಡಿಸಲು ಕಲಿತೆ. ಎಂಥ ಹಟಮಾರಿ ವಾಚಾದರೂ ನನ್ನ ಕೈಯಲ್ಲಿ ನಡೆಯುತ್ತದೆ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ಆದರೆ ಅಂಗಡಿಯಲ್ಲಿ ಆ ದಿನ ನಾನು ಹೆದರಿ ಸುಮ್ಮನಿದ್ದೆನೆಂದು ಹೇಳಿದರೆ ಸುಳ್ಳಾದೀತು. ಹೆದರಿರಲಿಲ್ಲ. ಕತ್ತೆ ಅನ್ನಿಸಿಕೊಳ್ಳುವುದು ಬೇಡವಾಗಿತ್ತು, ಅಷ್ಟೇ.

ಕಾಕಾ ಹೋದ ಮರುವರ್ಷ ವಿಳಾಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋದೆ. ಸಾಬರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಮಗಳು ಚಾಪೆ ಹಾಸಿ ಕೂರಿಸಿ, ಚಹಾ ಕೊಟ್ಟಳು. "ಎಣ್ಣಿ ಹಾಕಿದಾಕಿ ನಾನವ್ವಾ, ನಮ್ಮ ಕಾಕಾ ಅಲ್ಲ" ಎಂದೆ. ಆಕೆಗೆ ತಲೆಬುಡ ತಿಳಿಯಲಿಲ್ಲ. ಮೊದಲಿನಿಂದ ಎಲ್ಲ ಹೇಳಿದೆ. ಪೂರ್ತಿ ಕೇಳಿ, ನನ್ನ ಕೈ ಹಿಡಿದುಕೊಂಡು ಅಂದಳು, "ನಮ್ಮ ಅಬ್ಬಾ ಇದ್ದಾಗ ಬರಬೇಕಿತ್ತಲ್ರೀ."