ಎರಡು ತುಂಡಾದ ಕಂಬಳಿ

ನನ್ನ ಅಣ್ಣ ಪ್ರಲ್ಹಾದನ ಮಗಳು ಮೃಣಾಲ ಸೈನ್ಯ ಸೇರುತ್ತೇನೆಂದಾಗ ನಮ್ಮ ಬಳಗದಲ್ಲಿ ನಕ್ಕವರೇ ಹೆಚ್ಚು. ಅಥಣಿ ರಸ್ತೆಯ ಮನೆಯಲ್ಲಿ ಜಿರಳೆ ಕಂಡರೆ ಕುರ್ಚಿ ಹತ್ತುತ್ತಿದ್ದ ಹುಡುಗಿ ಅವಳು. ಈಗ ಕ್ಯಾಪ್ಟನ್. ವೈರಿಯ ಡ್ರೋನುಗಳನ್ನು ದಿಕ್ಕು ತಪ್ಪಿಸುವ ಜಾಮರ್ ಯಂತ್ರಗಳು ಅವಳ ಕೈಯಲ್ಲಿವೆ. ನಾನು ವಕೀಲ, ಇಷ್ಟು ವರ್ಷವಾದರೂ ಎದುರು ಪಕ್ಷದ ವಕೀಲನ ಬಾಯಿ ಕಟ್ಟಲು ನನಗೆ ಆಗಿಲ್ಲ.

ಗಡಿಯ ಹಿಮದ ಠಾಣೆಯೊಂದರಲ್ಲಿ ಯಾರೋ 'ಊಟ ಆತೇನ್ರಿ' ಎಂದದ್ದು ಕೇಳಿ ತಿರುಗಿ ನೋಡಿದಳಂತೆ. ಕ್ಯಾಪ್ಟನ್ ಸೋಮು, ಬಬಲೇಶ್ವರದ ಕುರಿಗಾರ ಖಂಡಪ್ಪನ ಮಗ. ಮನೆಯಿಂದ ಬಂದ ಶೇಂಗಾ ಹಿಂಡಿಯ ಚಟ್ನಿಪುಡಿಯನ್ನು ಹಂಚಿಕೊಳ್ಳುವಲ್ಲಿ ಶುರುವಾದದ್ದು ಮದುವೆಯ ಮಾತಿಗೆ ಬಂದು ನಿಂತಿತು. ಕುರಿಗಾರರ ಮನೆಗೆ ಮಗಳನ್ನು ಕೊಡುವುದೇ ಎಂದು ಅತ್ತಿಗೆ ಆನಂದೀಬಾಯಿ ಉಪವಾಸ ಕೂತರು. ಏಕಾದಶಿ ಮುಗಿದಂತೆ ಅದೂ ಮುಗಿಯಿತು.

ಆ ಚಳಿಗಾಲದ ಒಂದು ಮುಂಜಾನೆ ಸೋಮು ನಾಲ್ಕು ಜವಾನರ ಜೊತೆ ಗಸ್ತು ಮುಗಿಸಿ ಬರುತ್ತಿದ್ದ. ಒಬ್ಬನ ಕಾಲು ಮುರಿದಿತ್ತು. ಸಾಮಾನು ಹೊರುವ ನಾಲ್ಕು ಕಾಲಿನ ಯಂತ್ರವೊಂದಿದೆಯಲ್ಲ, ಜವಾನರು ಅದಕ್ಕೆ ಕತ್ತೆ ಎನ್ನುತ್ತಾರೆ, ಅದರ ಮೇಲೆ ಅವನನ್ನು ಮಲಗಿಸಿದ್ದರು. ಅಷ್ಟರಲ್ಲಿ ಗುಡ್ಡದಾಚೆಯಿಂದ ವೈರಿಯ ಡ್ರೋನುಗಳು ಎದ್ದವು. ಮೃಣಾಲ ಜಾಮರ್ ಹಾಕಲು ಹೋದರೆ ಚಳಿಗೆ ಬ್ಯಾಟರಿಗಳು ಸತ್ತಂತೆ ಬಿದ್ದಿದ್ದವು. ಠಾಣೆಯ ಎರಡು ತುದಿಗೆ ಎರಡು ಯಂತ್ರ, ಎರಡೂ ಮೂಕ.

ಅಡುಗೆಯವನಿಂದ ಬಿಸಿನೀರಿನ ಬಾಟಲಿ ತರಿಸಿದಳು. ಆ ಶಾಖ ಗಾಳಿಗೆ ಹಾರಿಹೋಗದಂತೆ ಸುತ್ತಲು ಏನಾದರೂ ಬೇಕಿತ್ತು. ಸೋಮುವಿನ ಪೆಟ್ಟಿಗೆಯಲ್ಲಿ ಒಂದು ಕರಿ ಕಂಬಳಿ ಮಡಚಿಟ್ಟಿತ್ತು. ಮುಟ್ಟಿದರೆ ಒರಟು, ಬಿಗಿ ನೇಯ್ಗೆ. ಚಾಕು ತೆಗೆದು ನಡುವೆ ಸೀಳಿದಳು. ಒಂದೊಂದು ತುದಿಯ ಬ್ಯಾಟರಿಗೆ ಬಾಟಲಿ ಇಟ್ಟು ಒಂದೊಂದು ತುಂಡು ಹೊದಿಸಿ, ಬಯಲಲ್ಲಿ ಬಗ್ಗಿ ಓಡಾಡಿ, ಕೊನೆಗೆ ಎರಡೂ ಯಂತ್ರಗಳನ್ನು ಎಬ್ಬಿಸಿದಳು. ಡ್ರೋನುಗಳು ಕುಡಿದವರಂತೆ ತೂರಾಡಿ ಹಿಮಕ್ಕೆ ಬಿದ್ದವು. ಜಾಮರಿಗೆ ನಮ್ಮದು ಅವರದು ಎಂಬ ಭೇದವಿಲ್ಲ. ನಮ್ಮ ಕತ್ತೆಯೂ ನಿಂತುಬಿಟ್ಟಿತು. ಕಾಲು ಮುರಿದವನನ್ನು ಸೋಮು ಬೆನ್ನ ಮೇಲೆ ಹೊತ್ತು ತಂದ.

ಠಾಣೆಗೆ ಬಂದವನು ಕಂಬಳಿಯ ತುಂಡನ್ನು ಕೈಗೆತ್ತಿಕೊಂಡ. ಆಮೇಲೆ ಹೇಳಿದ: ಅದು ಅವನ ತಾಯಿ ಹೊಳೆವ್ವ ತನ್ನ ಕೈಯಾರೆ ನೂತ ಉಣ್ಣೆಯಲ್ಲಿ ನೇಯಿಸಿದ ಮದುವೆಯ ಕಂಬಳಿ. ಮದುವೆಯಲ್ಲಿ ಮದುಮಕ್ಕಳು ಅದರ ಮೇಲೆ ಕೂರಬೇಕು. ಅಲ್ಲಿಯತನಕ ಕತ್ತರಿ ತಾಗಿದರೆ ಮದುಮಗನ ಆಯುಷ್ಯಕ್ಕೆ ಕೇಡು ಎಂದು ಅವರ ಮನೆಯ ನಂಬಿಕೆ. "ಅವ್ವಗ ಹೇಳಬ್ಯಾಡ, ಬ್ಯಾರೆ ನೇಯಿಸಿದರಾತು" ಎಂದನಂತೆ. ನಮ್ಮ ಹುಡುಗಿ ಒಪ್ಪಲಿಲ್ಲ.

ರಜೆಗೆ ಬಂದವಳು ಎರಡೂ ತುಂಡುಗಳನ್ನು ಚೀಲದಲ್ಲಿಟ್ಟುಕೊಂಡು, "ಕಾಕಾ, ಗಾಡಿ ತಗೀರಿ" ಎಂದಳು. ದಾರಿಯಲ್ಲಿ ನಾನು ವಕೀಲಿ ಬುದ್ಧಿ ಹೇಳಿದೆ.

"ಸೋಮು ಹೇಳಿದ್ದು ಖರೇ ಅದ. ಸುಮ್ಮನಿರು. ಅವನ ಅವ್ವ ಈ ಮದುವಿ ಬ್ಯಾಡ ಅಂದ್ರ ಏನ್ಮಾಡ್ತಿ?"

"ಸುಳ್ಳು ಹೇಳಿ ಆ ಮನಿ ಹೊಸ್ತಿಲಾ ದಾಟಂಗಿಲ್ಲ, ಕಾಕಾ. ಬ್ಯಾಡ ಅಂದ್ರ ತಿರುಗಿ ಬರೋಣು."

ಹೇಳುವಾಗ ಅವಳ ಮುಖ ಬಿಳುಚಿತ್ತು. ಅವಳ ಮೇಲೆ ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಬಬಲೇಶ್ವರದ ಮನೆಗೆ ಬೀಗ. ಕುರಿ ಟಿಕೋಟಾ ಕಡೆ ಹೋಗಿವೆ ಎಂದು ನೆರೆಯವರು ಹೇಳಿದರು. ಟಿಕೋಟಾದಾಚೆ ದ್ರಾಕ್ಷಿ ತೋಟದ ಪಕ್ಕದ ಬೀಳು ಹೊಲದಲ್ಲಿ ಗಂಡ ಹೆಂಡತಿ ಇಬ್ಬರೂ ಸಿಕ್ಕರು. ಮೃಣಾಲ ಹೊಳೆವ್ವನ ಕಾಲು ಮುಟ್ಟಿ, ತುಂಡುಗಳನ್ನು ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಒಂದು ಮಾತನ್ನೂ ತನ್ನ ಕಡೆಗೆ ಬಗ್ಗಿಸಿಕೊಳ್ಳಲಿಲ್ಲ.

ಖಂಡಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಮದುವಿ ಕಂಬಳಿ ಕೊಯ್ಯಬಾರದಾಗಿತ್ತು. ಕೇಡು ಅಂತಾರ" ಎಂದ.

ಹೊಳೆವ್ವ ಅಂಚನ್ನು ಬೆರಳಲ್ಲಿ ಸವರಿ ನೋಡಿದಳು. "ಕೊಯ್ಯುವಾಗ ಕೈ ನಡುಗಲಿಲ್ಲೇನ ಬೇ?"

"ಇಲ್ರಿ ಯವ್ವಾ. ಅವರು ಬಯಲಿನಾಗ ಇದ್ರು. ಬ್ಯಾರೆ ಏನೂ ಕಾಣಲಿಲ್ಲ."

ಮುದುಕಿ ಎರಡೂ ತುಂಡುಗಳನ್ನು ತೊಡೆಯ ಮೇಲೆ ಹಾಸಿ ಅಂಚಿಗೆ ಅಂಚು ಇಟ್ಟು ನೋಡಿದಳು. ಮೃಣಾಲ ತಲೆ ತಗ್ಗಿಸಿ ಕೂತೇ ಇದ್ದಳು. ನಾನು ಮೆಲ್ಲಗೆ ಗಾಡಿಯ ಕೀಲಿಗೆ ಕೈ ಹಾಕಿದೆ.

"ಕೇಡು ಬಂದಿತ್ತು, ಹೋತು" ಎಂದಳು ಹೊಳೆವ್ವ, ಗಂಡನ ಕಡೆ ತಿರುಗಿ. "ಮಗನನ್ನ ದಂಡಿಗೆ ಕಳಿಸಿ ಕೇಡಿಗೆ ಹೆದರಿದರ ಹೆಂಗ? ಕಂಬಳಿ ಮ್ಯಾಲ ಕೂತು ಉಣ್ಣಾವರು ಕೂದಲಾ ಬಂತು ಅನಬಾರದು."

ಜೋಳಿಗೆಯಿಂದ ದಬ್ಬಣ ತೆಗೆದಳು. ಹೊಸೆದಿಟ್ಟಿದ್ದ ಬಿಳಿ ಉಣ್ಣೆಯ ಎಳೆ ಪೋಣಿಸಿ, ಎರಡು ತುಂಡು ಜೋಡಿಸಿ, ನಾಲ್ಕಾರು ಹೊಲಿಗೆ ಹಾಕಿದಳು. ಕರಿ ಕಂಬಳಿಯ ಮೇಲೆ ಬಿಳಿ ಎಳೆ ಎದ್ದು ಕಾಣುತ್ತಿತ್ತು.

"ಕರೀ ಎಳಿ ಇಲ್ಲೇನ?" ಎಂದ ಖಂಡಪ್ಪ.

"ಮುಚ್ಚಾಕ ಆಕಿ ಏನ ಕಳವು ಮಾಡ್ಯಾಳ?" ಎಂದು ಹೊಳೆವ್ವ ದಬ್ಬಣವನ್ನು ಮೃಣಾಲಳ ಕೈಗಿಟ್ಟಳು. "ಕೊಯ್ದಾಕಿ ನೀನು, ಉಳಿದದ್ದು ನೀನ ಕೂಡಿಸು."

ವೈರಿಯ ಡ್ರೋನಿನ ಕೆಳಗೆ ನಡುಗದ ಕೈ ಆಗ ನಡುಗಿತು. ಕಣ್ಣು ತುಂಬಿ ಅವಳಿಗೆ ದಬ್ಬಣ ಎಲ್ಲಿ ಚುಚ್ಚಬೇಕೆಂದೇ ಕಾಣಲಿಲ್ಲ. ನನ್ನ ಸ್ಥಿತಿಯೂ ಅದೇ. ಹೊಳೆವ್ವ ಮಾತ್ರ ಕಂಬಳಿಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

"ಲಗು ಹೊಲಿ ಬೇ. ಸೋಮು ಮದುವಿಗೆ ಬರೂದ್ರಾಗ ಹಾಸಬೇಕು."