ಬಾಯಲ್ಲಿ ಆತು, ಕೈಯಲ್ಲಿ ಟೋಸ್ಟು

ಡಬ್ಬಿ ಖಾಲಿಯಿತ್ತು. ಆದರೂ ಮುಚ್ಚಳ ತೆಗೆದ ಕೂಡಲೇ ಏಲಕ್ಕಿ ಹಾಕಿದ ಟೋಸ್ಟಿನ ಪರಿಮಳ ಬಂತು... ನಿನ್ನೆ ಕುಮಟೆಯಿಂದ ನಮ್ಮೂರು ಮಂಕಿಗೆ ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಶರಾವತಿ ಸೇತುವೆಯ ಮೇಲೆ ಗಾಳಿ ಬೀಸಿ ಕಣ್ಣು ಎಳೆಯಿತು. ಎಳೆದದ್ದೇ ತಡ, ನಾನು ಮೂರನೇ ಇಯತ್ತೆಯ ಹುಡುಗಿಯಾಗಿ ಅಕ್ಕೋರ ಜಗಲಿಯ ಮೇಲಿದ್ದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಊರಲ್ಲಿ ಎಷ್ಟೋ ಅಕ್ಕೋರು ಆಗಿಹೋಗಿದ್ದಾರೆ. ಆದರೆ ನಮ್ಮ ಕೇರಿಯಲ್ಲಿ ಬರೀ ಅಕ್ಕೋರು ಎಂದರೆ ನಮ್ಮ ಎದುರುಮನೆಯವರೇ. ಒಂಟಿ ಜೀವ. ಶಾಲೆ ಬಿಟ್ಟ ಮೇಲೆ ಸಂಜೆ ತಮ್ಮ ಜಗಲಿಯಲ್ಲಿ ಕೇರಿಯ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಡುತ್ತಿದ್ದರು. ನಿವೃತ್ತಿಯಾದ ಮೇಲೂ ಅದನ್ನು ಬಿಡಲಿಲ್ಲ. ನಾನು ಕಲಿತ ಜಗಲಿಯಲ್ಲೇ ನನ್ನ ಮಗಳೂ ಕೂತಳು.

ಅವರದೊಂದು ಪದ್ಧತಿ. ಲೆಕ್ಕ ಅರ್ಧ ಆದರೆ ಅರ್ಧ ಟೋಸ್ಟು, ಪೂರ್ತಿ ಆದರೆ ಇನ್ನರ್ಧ. "ಆತಾ?" ಎಂದು ಕೇಳುವರು. "ಆತು ಅಕ್ಕೋರೇ" ಎಂದು ನಾವು ಪಾಟಿ ಮುಂದೆ ಮಾಡಬೇಕು. ಮುಗಿಸದೇ ಆತು ಎನ್ನುವ ಕಳ್ಳರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೆವು, ನಾನೇ ಮೊದಲು! ಅವರು ಬೈದದ್ದಿಲ್ಲ. ಉಳಿದರ್ಧವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, "ನಾಳೆ ಬಾ ಕೂಸೇ, ಇದು ಎಲ್ಲಿಗೂ ಹೋಗೂದಿಲ್ಲ" ಎನ್ನುತ್ತಿದ್ದರು.

ಟೋಸ್ಟು ಬರುತ್ತಿದ್ದದ್ದು ಭಟ್ಕಳದಿಂದ. ವಾರಕ್ಕೆರಡು ಸಲ ಟೋಸ್ಟ್ ಸಾಬರು ಸ್ಕೂಟರಿನ ಹಿಂದೆ ದೊಡ್ಡ ತಗಡಿನ ಪೆಟ್ಟಿಗೆ ಕಟ್ಟಿಕೊಂಡು, ಹ್ಯಾಂಡಲಿಗೆ ಬಿಗಿದ ಹಿತ್ತಾಳೆ ಗಂಟೆ ಬಾರಿಸುತ್ತ ಬರುತ್ತಿದ್ದರು. ಮೀನಿನವನ ಹಾರ್ನಿಗೆ ಬೆಕ್ಕುಗಳು ಓಡಿದರೆ ಸಾಬರ ಗಂಟೆಗೆ ನಾವು ಓಡುತ್ತಿದ್ದೆವು. ಅಕ್ಕೋರು ಗೇಟಿನಲ್ಲಿ ಡಬ್ಬಿ ಹಿಡಿದು ನಿಂತು ಅವರೊಡನೆ ಬೀಗರ ಹಾಗೆ ಸುಖದುಃಖ ಮಾತಾಡುವರು. ಆ ಬೆಳಗುಗಳು ಈಗ ನೆನಪಿಗೆ ಬರುವುದೇ ಮಂಜಿನೊಳಗಿಂದ... ಗಂಟೆ ಕೇಳುತ್ತದೆ, ಮುಖಗಳು ಕಾಣುವುದಿಲ್ಲ.

ನಮ್ಮ ಕೇರಿಗೊಂದು ವಾಟ್ಸಾಪ್ ಗ್ರೂಪು ಇದೆ. ಕರೆಂಟು ಹೋದದ್ದು, ನಳ ಬಾರದ್ದು, ಯಾರದೋ ಆಕಳು ಕಾಣೆಯಾದದ್ದು, ಇಷ್ಟಕ್ಕೇ ಮಾಡಿಕೊಂಡದ್ದು. ಎರಡು ವರ್ಷದ ಹಿಂದೆ ಚೌತಿ ಹತ್ತಿರ ಬಂದಾಗ ಅದರಲ್ಲೊಂದು ಸಂದೇಶ ಬಂತು. ಇನ್ನು ಮೇಲೆ ಏನೇ ತಗೊಂಡರೂ ನಮ್ಮವರ ಹತ್ತಿರವೇ ತಗೊಳ್ಳಬೇಕು, ಎಲ್ಲರೂ ಒಪ್ಪಿಗೆ ತಿಳಿಸಿ ಎಂದು. ಸಾಲಾಗಿ ಎಲ್ಲರೂ "ಆತು" ಎಂದು ಹಾಕಿದರು. ನಾನೂ ಹಾಕಿದೆ. ಅಕ್ಕೋರೂ ಹಾಕಿದರು.

ಮೂರೇ ದಿನಕ್ಕೆ ಒಂದು ಫೋಟೋ ಬಂತು. ಗೇಟಿನಲ್ಲಿ ಅಕ್ಕೋರು, ಕೈಯಲ್ಲಿ ಟೋಸ್ಟಿನ ಪೊಟ್ಟಣ, ಪಕ್ಕದಲ್ಲಿ ಸಾಬರು, ಇಬ್ಬರೂ ಬಾಯ್ತುಂಬ ನಗುತ್ತಿದ್ದಾರೆ. ಫೋಟೋದ ಕೆಳಗೆ ಅಕ್ಕೋರ "ಆತು" ಅಂಟಿಸಿ, "ಬಾಯಲ್ಲಿ ಆತು, ಕೈಯಲ್ಲಿ ಟೋಸ್ಟು" ಎಂದು ಬರೆದಿತ್ತು. ಅದಕ್ಕೆ ನಾನು ನಗುವ ಮೋರೆ ಒತ್ತಿದೆ. ನನಗೆ ಸಾಬರ ಮೇಲೆ ದ್ವೇಷವಿರಲಿಲ್ಲ, ಅಕ್ಕೋರ ಮೇಲಂತೂ ಮೊದಲೇ ಇಲ್ಲ. ಪ್ರಾಸ ಚೆನ್ನಾಗಿದೆ ಅನಿಸಿತು, ಒತ್ತಿದೆ! ಇಷ್ಟೇ ಸತ್ಯ. ಇದಕ್ಕಿಂತ ದೊಡ್ಡ ಕಾರಣವಾದರೂ ಇದ್ದಿದ್ದರೆ ಇವತ್ತು ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಪಾಪ, ಅಕ್ಕೋರಿಗೆ ಅದು ಬೈಗುಳವೆಂದೇ ತಿಳಿಯಲಿಲ್ಲ. "ಫೋಟೋ ಚಂದ ಬಂದಿದೆ. ಸಾಬರಿಗೂ ಕಳಿಸಿ" ಎಂದು ಬರೆದರು. ನಮ್ಮವರ ಹತ್ತಿರ ತಗೊಳ್ಳಿ ಎಂದರೆ ಆತು ಅಂದಿದ್ದಿರಲ್ಲ ಎಂದು ಯಾರೋ ಕೇಳಿದರು. ಅದಕ್ಕೆ ಅವರ ಉತ್ತರ, "ಹೌದು, ಆತು ಅಂದೆ. ನಮ್ಮವರ ಹತ್ರವೇ ತಗೊಂಡೆ. ಇಷ್ಟು ವರ್ಷ ಬಂದವರು ನಮ್ಮವರಲ್ದೇ ಮತ್ತೆ ಯಾರು?"

ಆಮೇಲೆ ಅಕ್ಕೋರನ್ನು ಗ್ರೂಪಿನಿಂದ ತೆಗೆದ ಸುದ್ದಿ ಸಣ್ಣ ಅಕ್ಷರದಲ್ಲಿ ಬಂತು. ಮರುದಿನದಿಂದ ಜಗಲಿಯಲ್ಲಿ ಹನ್ನೊಂದು ಮಕ್ಕಳಿದ್ದದ್ದು ಏಳಾಯಿತು, ಮೂರಾಯಿತು. ಹಾದಿಯಲ್ಲಿ ಹೋಗುವ ಪೋರರು ಆ ಪ್ರಾಸವನ್ನು ರಾಗ ಎಳೆದು ಹಾಡುತ್ತಿದ್ದರು. "ನಿಮ್ಮ ಕೂಸನ್ನೂ ಕಳಿಸ್ಬೇಡಿ, ಸುಮ್ನೆ ಎಂತಕ್ಕೆ?" ಎಂದು ಪಕ್ಕದ ಮನೆಯವಳು ನನಗೂ ಹೇಳಿದಳು. ನಾನು ಕಳಿಸಲಿಲ್ಲ. ಕೇಳಿದರೆ ಹೇಳಲು ಜ್ವರ, ಗಂಟಲುನೋವು ಎಂದು ನೆಪ ಹೊಂದಿಸಿಟ್ಟುಕೊಂಡೆ.

ನಾಲ್ಕನೇ ದಿನ ಅಕ್ಕೋರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಕಾಗದದ ಸಣ್ಣ ಪೊಟ್ಟಣ.

"ಕೂಸಿಗೆ ಎಂತಾತೇ? ಅವಳ ಅರ್ಧ ಉಳಿದಿತ್ತು, ತಂದೆ."

"ಜ್ವರ ಅಕ್ಕೋರೇ... ಗಂಟಲೂ ನೋವು" ಎಂದೆ. ಅಷ್ಟರಲ್ಲಿ ನನ್ನ ಮಗಳು ಹಿತ್ತಲಿಂದ ಓಡಿಬಂದಳು. ಕೈಯಲ್ಲಿ ಉಪ್ಪು ಹಚ್ಚಿದ ಬಿಂಬಲಕಾಯಿ, ಬಾಯಲ್ಲೂ ಅದೇ! ಹಲ್ಲು ಚಳಿಯುವಷ್ಟು ಹುಳಿ ಅದು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಕ್ಕೋರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಗಡಬಡಿಸಿ, ಗ್ರೂಪಿನವರ ಹತ್ತಿರ ನಾನು ಮಾತಾಡುತ್ತೇನೆ, ನೀವು ಒಂದು "ತಪ್ಪಾತು" ಬರೆದುಬಿಡಿ, ಎಲ್ಲ ಸರಿಹೋಗುತ್ತದೆ ಎಂದೆ.

"ಬರೀತೇನೆ. ತಪ್ಪು ಎಲ್ಲಿ ಅಂತ ತೋರ್ಸು. ತೋರ್ಸಿದ್ರೆ ತಿದ್ವ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದಾಗ ಕೇಳುತ್ತಿದ್ದ ಅದೇ ದನಿ. ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಅವರು ಹೋದರು.

ಸಾಬರು ಆಮೇಲೂ ನಮ್ಮ ಹಾದಿಯಲ್ಲೇ ಹೋಗುತ್ತಿದ್ದರು. ಆದರೆ ಅಕ್ಕೋರ ಗೇಟು ಬಂದಾಗ ಅಂಗೈಯಿಂದ ಗಂಟೆ ಒತ್ತಿಹಿಡಿದು ಸದ್ದಾಗದ ಹಾಗೆ ದಾಟುವರು, ತನ್ನಿಂದ ಅವರಿಗೆ ಇನ್ನಷ್ಟು ತೊಂದರೆ ಬೇಡವೆಂದು. ಅಕ್ಕೋರು ಬಿಡುತ್ತಾರೆಯೇ? ಕೊಡೆ ಹಿಡಿದು ಹೆದ್ದಾರಿಯವರೆಗೆ ನಡೆದು ಅಲ್ಲಿ ಕಾದು ತಗೊಂಡು ಬರುತ್ತಿದ್ದರು. ತಿನ್ನಲು ಮಕ್ಕಳಿರಲಿಲ್ಲ. ಡಬ್ಬಿ ಮಾತ್ರ ತುಂಬಿರುತ್ತಿತ್ತು. ಮುಂದಿನ ಬೇಸಿಗೆಗೆ ಮನೆಗೆ ಬೀಗ ಹಾಕಿ ಕುಮಟೆಯ ತಂಗಿಯ ಮನೆಗೆ ಹೋದರು.

ಆಮೇಲೆ ನನಗೆ ಮಧ್ಯಾಹ್ನ ಮಲಗಿದರೆ ಒಂದೇ ಕನಸು. ಅಕ್ಕೋರ ಜಗಲಿಯ ಮೆಟ್ಟಿಲಿನವರೆಗೆ ಸಮುದ್ರ ಬಂದಿದೆ, ಅಲೆಗೆ ಸದ್ದಿಲ್ಲ. ನಾನು ಪಾಟಿ ಹಿಡಿದು ಆತು, ಆತು ಎನ್ನುತ್ತಿದ್ದೇನೆ. ಅವರು ತಲೆ ಎತ್ತುವುದಿಲ್ಲ... ಈ ಮಳೆಗಾಲದಲ್ಲಿ ಅಂಥ ಒಂದು ಮಧ್ಯಾಹ್ನ ಎದ್ದವಳೇ, "ಅಕ್ಕೋರೇ, ತಪ್ಪಾತು" ಎಂದು ಬರೆದು ಕಳಿಸಿದೆ. ಸಂಜೆ ಉತ್ತರ ಬಂತು. "ಆತು."

ಅಷ್ಟೇ. ಕ್ಷಮಿಸಿದೆ ಎಂದೋ, ಇನ್ನು ಸಾಕು ಎಂದೋ... ಎದುರು ಕೂತು ಕೇಳಬೇಕಿತ್ತು. ಮಗಳನ್ನು ಕರಕೊಂಡು ಹೋಗುತ್ತೇನೆ ಎಂದುಕೊಂಡೆ. ಇವತ್ತು, ನಾಳೆ ಎನ್ನುವುದರೊಳಗೆ ಅವರ ತಂಗಿಯ ಫೋನು ಬಂತು. ನಿನ್ನೆ ನಾನು ಹೋದದ್ದು ಅವರ ಹನ್ನೆರಡನೇ ದಿನಕ್ಕೆ. "ನಿಮ್ಮೂರಿನ ಮಕ್ಳದ್ದಂತೆ ಇದು, ಅಲ್ಲಿಗೇ ಮುಟ್ಟಬೇಕು ಅಂದಿದ್ಳು" ಎಂದು ತಂಗಿ ಈ ಡಬ್ಬಿ ಕೊಟ್ಟರು.

ಇವತ್ತು ಬೆಳಿಗ್ಗೆ ಅದನ್ನು ಹಿಡಿದು ಗೇಟಿನಲ್ಲಿ ನಿಂತೆ. ಎದುರಿನ ಗೇಟಿಗೆ ಬೀಗ ಬಿದ್ದು ಎಷ್ಟೋ ಕಾಲವಾದರೂ ಸಾಬರು ಎಂದಿನ ಹಾಗೆ ಗಂಟೆ ಒತ್ತಿಹಿಡಿದುಕೊಂಡೇ ಬಂದರು. ಡಬ್ಬಿಯ ಗುರುತು ಹತ್ತಿರಬೇಕು, ಸ್ಕೂಟರು ನಿಲ್ಲಿಸಿದರು. ಪಕ್ಕದ ಮನೆಯ ಕಿಟಕಿಯ ಪರದೆ ಸರಿಯಿತು. ಸರಿಯಲಿ, ಬೇಕಾದರೆ ಫೋಟೋನೂ ತೆಗೆಯಲಿ!

"ಅಕ್ಕೋರು ಹೆಂಗಿದಾರೆ?" ಎಂದು ಸಾಬರು ಕೇಳಿದರು. ಅವರಿಗೆ ಯಾರೂ ಹೇಳಿಯೇ ಇರಲಿಲ್ಲ.

"ಅಕ್ಕೋರು ಹೋದ್ರು ಸಾಬರೇ... ನಿನ್ನೆಗೆ ಹನ್ನೆರಡು ದಿನ ಆತು."

ಅವರ ಅಂಗೈ ಜಾರಿತು. ಗಂಟೆ ಸಣ್ಣಗೆ ಒಮ್ಮೆ ಟಿಣ್ ಎಂದಿತು. ಆ ಸದ್ದಿಗೆ ಎದುರಿನ ಜಗಲಿಯಿಂದ ಅಕ್ಕೋರು ಡಬ್ಬಿ ಹಿಡಿದು ಎದ್ದು ಬರುತ್ತಾರೇನೋ ಎಂದು ಇಬ್ಬರೂ ಅತ್ತ ನೋಡಿದೆವು. ಡಬ್ಬಿ ನನ್ನ ಕೈಯಲ್ಲಿತ್ತು.